ಉಪ್ಪು ಬಿಟ್ಟವಳಿಗೆ ಸಲೈನು

ನರ್ಸಿಂಗ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು ಒಮ್ಮೊಮ್ಮೆ ಅವರ್ಸಾದ ನನ್ನ ಮನೆಗೆ ಬರುತ್ತಾರೆ. ಚಹಾ ಕುಡಿದು, ಏನಾದರೂ ಅನುಭವ ಹೇಳಿ ಸಿಸ್ಟರ್ ಎನ್ನುತ್ತಾರೆ. ಅವರಿಗೆ ಬೇಕಾಗಿರುವುದು ಬುದ್ಧಿಮಾತು. ನನ್ನ ಹತ್ತಿರ ಇರುವುದು ನಾನು ಮಾಡಿದ ತಪ್ಪುಗಳು. ಅವುಗಳಲ್ಲಿ ಒಂದು ತಪ್ಪಿನ ಬಗ್ಗೆ ಮಾತ್ರ ನನಗೆ ಈಗಲೂ ಹೆಮ್ಮೆಯಿದೆ. ಅದನ್ನು ಬರೆದಿಡೋಣ ಎಂದು ಕೂತಿದ್ದೇನೆ. ಅಲ್ಲಿಗೆ ಹೋಗುವ ಮೊದಲು ಒಂದೆರಡು ಸಣ್ಣ ತಪ್ಪುಗಳನ್ನು ದಾಟಬೇಕು.

ನಾನು ಸುಮತಿ. ಕಾರವಾರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಕೊನೆಯ ಹತ್ತು ವರ್ಷ ಹೆಂಗಸರ ವಾರ್ಡು ನನ್ನ ಕೈಯಲ್ಲಿತ್ತು. ಆಸ್ಪತ್ರೆಯ ಹೆಸರು ಬೇಡ, ಅದು ಮುಚ್ಚಿ ಆ ಕಟ್ಟಡದಲ್ಲಿ ಈಗ ಲಾಡ್ಜು ನಡೆಯುತ್ತಿದೆ. ದಿನಾ ಅಂಕೋಲಾ ದಾರಿಯ ಅವರ್ಸಾದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನ್ನದು ಮೊದಲಿನಿಂದಲೂ ಜೋರು ಬಾಯಿ. ಸೀಟು ಬಿಡದ ಗಂಡಸರಿಂದ ಹಿಡಿದು ಕೈ ತೊಳೆಯದ ಡಾಕ್ಟರರ ತನಕ ಯಾರನ್ನೂ ಬಿಟ್ಟವಳಲ್ಲ. ಈ ಬಾಯಿಯಿಂದ ಕೆಟ್ಟದ್ದೂ ಆಗಿದೆ, ಒಳ್ಳೆಯದೂ ಆಗಿದೆ.

ನಾನು ಸೇರಿದಾಗ ಗಾಜಿನ ಸಿರಿಂಜುಗಳನ್ನು ನೀರಿನಲ್ಲಿ ಕುದಿಸುತ್ತಿದ್ದೆವು. ಸೂಜಿ ಮೊಂಡಾದರೆ ಕಲ್ಲಿನ ಮೇಲೆ ಮಸೆಯುತ್ತಿದ್ದೆವು ಎಂದರೆ ಈಗಿನ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಆಮೇಲೆ ಒಮ್ಮೆ ಬಳಸಿ ಎಸೆಯುವ ಸಿರಿಂಜು ಬಂತು, ಬೆರಳಿಗೆ ಸಿಕ್ಕಿಸುವ ಯಂತ್ರ ಬಂತು, ಕಂಪ್ಯೂಟರಿನ ರಿಪೋರ್ಟು ಬಂತು. ಎಲ್ಲವೂ ಬದಲಾದರೂ ಕೇಸ್ ಪೇಪರಿನ ಒಂದು ಸಾಲು ಮಾತ್ರ ಹಾಗೇ ಉಳಿಯಿತು: ‘ಬೇರೆ ಔಷಧ ತೆಗೆದುಕೊಳ್ಳುತ್ತಿದ್ದೀರಾ?’ ಇಲ್ಲ ಎಂದು ರೋಗಿ ಹೇಳುತ್ತಿದ್ದರು, ಇಲ್ಲ ಎಂದು ನಾವು ಬರೆಯುತ್ತಿದ್ದೆವು. ಎಷ್ಟು ವರ್ಷ ಹಾಗೆ ಬರೆದೆನೋ ನನಗೇ ಗೊತ್ತಿಲ್ಲ.

ಆ ಸಾಲಿನ ಹುಳುಕು ತೋರಿಸಿಕೊಟ್ಟವರು ಒಬ್ಬ ಮುದುಕರು. ಅವರ ಮಗ ಕೈಗಾದಲ್ಲಿ ಕೆಲಸಕ್ಕಿದ್ದ. ಸಕ್ಕರೆ ಕಾಯಿಲೆಗೆಂದು ಅವರನ್ನು ನಮ್ಮಲ್ಲಿ ಸೇರಿಸಿದ್ದರು. ಬೇರೆ ಔಷಧ ಇದೆಯಾ ಎಂದು ಕೇಳಿದೆ, ಇಲ್ಲ ಎಂದರು. ಡಾಕ್ಟರರು ಬರೆದಷ್ಟು ಇನ್ಸುಲಿನ್ ಕೊಟ್ಟೆ. ಊಟದ ಹೊತ್ತಿಗೆ ಅವರು ಬೆವತು ಒದ್ದೆಯಾಗಿ, ಕರೆದರೆ ಓಗೊಡದೆ ಬಿದ್ದಿದ್ದರು. ಗ್ಲೂಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟರು. ವಿಚಾರಿಸಿದರೆ, ಮನೆಯವರು ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಸಕ್ಕರೆ ಇಳಿಸುವ ಕಹಿ ಕಷಾಯ ತಂದು ಕುಡಿಸುತ್ತಿದ್ದರಂತೆ. ಔಷಧ ಇಲ್ಲ ಅಂದಿದ್ದಿರಲ್ಲ ಎಂದು ನಾನು ರೇಗಿದೆ. ನಮ್ಮ ಕಡೆ ನರ್ಸಮ್ಮನಿಗೆ ಬಾಯಿ ಎನ್ನುವುದು ರೂಢಿ, ಅವರೂ ಹಾಗೇ ಕರೆದು ಬಹಳ ಸಮಾಧಾನದಿಂದ ಹೇಳಿದರು: "ಕಷಾಯ ಔಷಧ ಹ್ಯಾಗೆ ಆಗ್ತದೆ ಬಾಯಿ? ಕಷಾಯ ಅಂದ್ರೆ ಕಷಾಯ."

ಅವರು ಸುಳ್ಳು ಹೇಳಿರಲಿಲ್ಲ, ಕೇಳಿದ ನಾನೇ ತಪ್ಪು ಕೇಳಿದ್ದೆ. ನಮ್ಮ ಕಡೆ ಔಷಧ ಎಂದರೆ ಅಂಗಡಿಯಿಂದ ತಂದದ್ದು. ಮದ್ದು ಬೇರೆ, ಕಷಾಯ ಬೇರೆ, ಲೇಪ ಬೇರೆ, ತೋಳಿಗೆ ಕಟ್ಟಿಸಿಕೊಂಡ ಬೇರು ಬೇರೆ. ಮೇಲಾಗಿ ಊರ ವೈದ್ಯರ ಮದ್ದನ್ನು ತೆಗೆದುಕೊಂಡರೆ ಹೇಳಬಾರದು, ಹೇಳಿದರೆ ಫಲಿಸುವುದಿಲ್ಲ ಎಂಬ ನಂಬಿಕೆ ಬೇರೆ. ಅಂದಿನಿಂದ ನಾನು ಕೇಳುವ ರೀತಿ ಬದಲಿಸಿದೆ. ಏನು ಕುಡಿದಿರಿ, ಏನು ಹಚ್ಚಿದಿರಿ, ಏನು ಕಟ್ಟಿಸಿಕೊಂಡಿರಿ, ಏನು ತಿನ್ನುವುದು ಬಿಟ್ಟಿರಿ ಎಂದು ಒಂದೊಂದಾಗಿ ಕೇಳುತ್ತಿದ್ದೆ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಹೆಚ್ಚಾಗಿ ಎಲ್ಲ ಹೊರಬೀಳುತ್ತಿತ್ತು. ಉಪ್ಪು ಬಿಟ್ಟಿದ್ದೇನೆ ಎಂದರೆ ಕಾಮಾಲೆಯ ಮದ್ದು ನಡೆಯುತ್ತಿದೆ ಎಂದು ತಿಳಿದುಕೊಳ್ಳಬೇಕು.

ನಮ್ಮ ದೊಡ್ಡ ಡಾಕ್ಟರರಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ. ಆಸ್ಪತ್ರೆ ಅವರದೇ. ಕೈಗುಣ ಚೆನ್ನಾಗಿತ್ತು, ಬಡವರೆಂದರೆ ಕರುಣೆಯಿತ್ತು, ಆದರೆ ಗಾವಟಿ ಮದ್ದು, ಅಂದರೆ ಹಳ್ಳಿಯ ನಾಟಿ ಮದ್ದು, ಎಂಬ ಮಾತು ಕಿವಿಗೆ ಬಿದ್ದರೆ ಮುಖ ಕೆಂಪಾಗುತ್ತಿತ್ತು. ಪಿತ್ತಜನಕಾಂಗ ಹಾಳುಮಾಡಿಕೊಂಡು ಬಂದವರನ್ನು ಅವರು ಕಣ್ಣಾರೆ ಕಂಡವರು, ಆ ಸಿಟ್ಟು ಸುಳ್ಳಲ್ಲ. ಆದರೆ ಎಲ್ಲ ವೈದ್ಯರನ್ನೂ ಒಂದೇ ಹಗ್ಗದಲ್ಲಿ ಕಟ್ಟುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ನಾನು ಒಮ್ಮೆ ಅವರೆದುರೇ ಅಂದುಬಿಟ್ಟೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಇನ್ನೊಂದು ವಿಷಯಕ್ಕೂ ನಮ್ಮಿಬ್ಬರಿಗೆ ಜಗಳವಿತ್ತು. ಆಪರೇಶನ್ನಿಗೆ ಒಪ್ಪಿಗೆ ಬರೆಸಿಕೊಳ್ಳುವಾಗ ಹೆಂಗಸರ ಕಾಗದಕ್ಕೆ ಗಂಡ ಸಹಿ ಹಾಕಿದರೆ ಮುಗಿಯಿತು ಎಂಬುದು ಆಗಿನ ಪದ್ಧತಿ. ಹೊಟ್ಟೆ ಕೊಯ್ಯುವುದು ಯಾರದು, ಸಹಿ ಯಾರದು ಎಂದು ನಾನು ಕೇಳಿದೆ. ಆಮೇಲೆ ನನ್ನ ವಾರ್ಡಿನಲ್ಲಿ ಮಲಗಿದವಳಿಗೆ ವಿಷಯ ತಿಳಿಸಿ, ಅವಳ ಹೆಬ್ಬೆಟ್ಟಾದರೂ ಒತ್ತಿಸಿಕೊಳ್ಳದೆ ಕಳಿಸುತ್ತಿರಲಿಲ್ಲ. ರೋಗಿಗೆ ಎಲ್ಲ ಹೇಳಬೇಕು ಎಂಬ ಹುಚ್ಚು ನನಗೆ ಹಾಗೆ ಹತ್ತಿದ್ದು. ಆ ಹುಚ್ಚೇ ಮಾದೇವಿಯ ಪ್ರಾಣಕ್ಕೆ ಸಂಚಕಾರ ತರುವುದರಲ್ಲಿತ್ತು.

ಅದು ಎರಡು ಸಾವಿರದ ಇಸವಿಯ ನಂತರದ ಒಂದು ಮಳೆಗಾಲ, ನಾಟಿಯ ದಿನಗಳು. ಮಾದೇವಿ ನಮ್ಮೂರ ಕಡೆಯ ರೈತರ ಮನೆಯ ಸೊಸೆ, ಎರಡು ಚಿಕ್ಕ ಮಕ್ಕಳ ತಾಯಿ. ಗದ್ದೆಯ ಕೆಸರಿನಲ್ಲಿ ವಾರಗಟ್ಟಲೆ ನಿಂತು ನೆಟ್ಟಿ ಮಾಡಿದ್ದಳು. ಒಂದು ಬೆಳಿಗ್ಗೆ ಗಂಡ ಬೀರಣ್ಣ ಅವಳನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದ. ಮೈ ಸುಡುತ್ತಿತ್ತು. ಕಣ್ಣು ಹಳದಿ, ಆ ಹಳದಿಯ ಮೇಲೆ ಕೆಂಪು. ಮೀನಖಂಡ ಮುಟ್ಟಿದರೆ ಕಿರುಚುತ್ತಿದ್ದಳು. ಮೂತ್ರ ಹಿಂದಿನ ದಿನದಿಂದ ಬಹಳ ಕಡಿಮೆಯಾಗಿತ್ತು. ಡಾಕ್ಟರರು ನೋಡಿದವರೇ ಇಲಿಜ್ವರ ಎಂದರು. ಇಲಿಯ ಮೂತ್ರ ಸೇರಿದ ಗದ್ದೆನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಮೈಗೆ ಬರುವ ಜ್ವರ ಅದು. ಬೇಗ ಪೆನಿಸಿಲಿನ್ ಬಿದ್ದರೆ ಮಾತು ಕೇಳುತ್ತದೆ. ತಡವಾದರೆ ಮೂತ್ರಪಿಂಡ ಕೈಕೊಡುತ್ತದೆ. ಆಮೇಲೆ ಗೋವಾಕ್ಕೋ ಮಣಿಪಾಲಕ್ಕೋ ಓಡಬೇಕು, ಓಡಿದವರೆಲ್ಲ ತಿರುಗಿ ಬರುತ್ತಿರಲಿಲ್ಲ. ರಕ್ತದ ವರದಿಗೆ ಕಾಯುವುದು ಬೇಡ, ಸಲೈನು ಏರಿಸಿ, ಇಂಜೆಕ್ಷನ್ ಶುರುಮಾಡಿ ಎಂದು ಹೇಳಿ ಅವರು ಗಂಡಸರ ವಾರ್ಡಿನ ಕಡೆ ಹೋದರು.

ನಾನು ಸೂಜಿ ಚುಚ್ಚಿದೆ, ಹನಿ ಬಿಟ್ಟೆ. ಮಾದೇವಿ ಬಾಟಲಿಯನ್ನೇ ನೋಡುತ್ತಿದ್ದವಳು ಅದರಲ್ಲಿ ಏನಿದೆ ಎಂದು ಕೇಳಿದಳು. ಹೆದರಿದ್ದಾಳೆ, ಧೈರ್ಯ ಹೇಳೋಣ ಎಂದುಕೊಂಡು ನಾನು ನಕ್ಕು, ಏನಿಲ್ಲ, ಬರೀ ಉಪ್ಪುನೀರು ಎಂದೆ.

ಅವಳು ಒಂದೇ ಎಳೆತಕ್ಕೆ ಸೂಜಿ ಕಿತ್ತು ಎಸೆದಳು. ಹಾಸಿಗೆಯ ಮೇಲೆಲ್ಲ ರಕ್ತ. ಕೈಯನ್ನು ಹೊಟ್ಟೆಯಡಿ ಒತ್ತಿಕೊಂಡು ಗೋಡೆಯ ಕಡೆ ಹೊರಳಿದಳು.

ಬೀರಣ್ಣ ತಲೆತಗ್ಗಿಸಿ ನಿಂತಿದ್ದ. ಉಪ್ಪು ಬಿಟ್ಟಿದ್ದಾಳಾ ಎಂದು ಅವನನ್ನು ಕೇಳಿದೆ, ಹೂಂ ಎಂದ. ಏನು ತಿನ್ನುವುದು ಬಿಟ್ಟಿದ್ದೀರಿ ಎಂದು ಎಲ್ಲರನ್ನೂ ಕೇಳುವ ನಾನು, ಅವಸರದಲ್ಲಿ ಇವಳನ್ನು ಕೇಳಿಯೇ ಇರಲಿಲ್ಲ. ಕಣ್ಣು ಹಳದಿಯಾದ ದಿನವೇ ಅವನು ಊರಿನ ಕಾಮಾಲೆ ವೈದ್ಯ ಹಮ್ಮಣ್ಣಜ್ಜನಿಂದ ಮದ್ದು ತಂದಿದ್ದ. ಏಳು ದಿನದ ಪಥ್ಯ, ಅಂದು ಮೂರನೇ ದಿನ. ಉಪ್ಪು ಕೂಡದು, ಎಣ್ಣೆ ಕೂಡದು, ಬೇರೆ ಯಾವ ಮದ್ದೂ ಮೈಗೆ ಹೋಗಕೂಡದು. ನಡುವೆ ಪಥ್ಯ ಮುರಿದರೆ ಮದ್ದು ತಿರುಗುತ್ತದೆ, ಕಾಮಾಲೆ ತಲೆಗೇರುತ್ತದೆ ಎಂಬುದು ಅವಳ ನಂಬಿಕೆ. ಬರೀ ಕೇಳಿದ ಮಾತಲ್ಲ ಅದು. ಅವಳ ತಾಯಿ ಹಾಗೆ ಪಥ್ಯದ ನಡುವೆ ಮೀನಿನ ಸಾರು ಉಂಡು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳಂತೆ. ಸತ್ತದ್ದು ಸಾರಿನಿಂದಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ಹೊರಳಿ ನೋಡಲಿಲ್ಲ. "ನಂಗೆ ಎರಡು ಮಕ್ಳು ಅದಾವೆ ಬಾಯಿ. ನಂಗೆ ಉಪ್ಪು ಹಾಕಿ ಕೊಲ್ಲಬೇಡಿ" ಎಂದಳು. ಬದುಕಬೇಕೆಂಬ ಆಸೆಯಿಂದಲೇ ಅವಳು ಸಾಯುವ ದಾರಿ ಹಿಡಿದಿದ್ದಳು. ನನಗೆ ಅಳು ಬಂತು.

ಡಾಕ್ಟರರು ಬಂದರು. ಮೊದಲು ಬೀರಣ್ಣನಿಗೆ ಬೈದರು, ಆಮೇಲೆ ನನಗೆ. ಉಪ್ಪುನೀರು ಅಂತ ಹೇಳಲು ನಿಮಗೆ ಯಾರು ಹೇಳಿದ್ದರು ಎಂದರು. ನನ್ನನ್ನು ಬಾಗಿಲ ಹೊರಗೆ ಕರೆದು ದನಿ ತಗ್ಗಿಸಿದರು: "ಬಾಟಲಿ ಬದಲಾಯಿಸಿದೆವು, ಇದು ಸಕ್ಕರೆ ನೀರು ಅಂತ ಹೇಳಿ. ಅದೇ ಸಲೈನು ಹಾಕಿ. ಅವಳಿಗೆ ಈಗ ಉಪ್ಪೂ ಬೇಕು, ನೀರೂ ಬೇಕು. ಸುಳ್ಳು ಹೇಳಿಯಾದರೂ ಉಳಿಸುವುದು ಧರ್ಮ."

ಒಂದು ಗಳಿಗೆ ನನಗೂ ಹಾಗೇ ಅನ್ನಿಸಿತು. ಒಂದು ಸುಳ್ಳು ತಾನೇ, ಯಾರ ಗಂಟು ಹೋಗುತ್ತದೆ? ಆದರೆ ವಾರ್ಡಿನಲ್ಲಿ ಇನ್ನೂ ಆರು ಜನ ಹೆಂಗಸರು ಕಿವಿಗೊಟ್ಟು ಮಲಗಿದ್ದರು. ಈ ಸುಳ್ಳು ಮಾದೇವಿಯ ಮೈಗೆ ಇಳಿಯುವಷ್ಟರಲ್ಲಿ ಹೊರಗೆ ಬಿದ್ದು ಊರು ತಲುಪುತ್ತದೆ. ಮುಂದಿನ ಮಳೆಗೆ ಕಣ್ಣು ಹಳದಿಯಾದವರು ನಮ್ಮ ಮೆಟ್ಟಿಲು ಹತ್ತುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳು ನನ್ನನ್ನು ನಂಬಿ ಕೇಳಿದ್ದಳು. ನಾನು ಡಾಕ್ಟರರಿಗೆ ಹೇಳಿದೆ: "ಪಥ್ಯ ಕಟ್ಟಿದವರೇ ಪಥ್ಯ ಬಿಡಿಸಬೇಕು ಸರ್. ಅದು ನಮ್ಮ ಕಡೆಯ ಪದ್ಧತಿ. ಊಟದ ಹೊತ್ತಿನೊಳಗೆ ಆ ಅಜ್ಜನನ್ನು ಕರಕೊಂಡು ಬರ್ತೇನೆ."

ಅವರು ನನ್ನ ಮುಖವನ್ನೇ ನೋಡಿದರು. ಒಬ್ಬ ಗಾವಟಿ ವೈದ್ಯನನ್ನು ತಮ್ಮ ವಾರ್ಡಿಗೆ ಕರೆತರುವುದು ಎಂದರೆ ಅವರ ಮಟ್ಟಿಗೆ ಅದೊಂದು ಪ್ರಳಯ. ಗೋಡೆಯ ಗಡಿಯಾರ ನೋಡಿದರು, ಮಾದೇವಿಯ ಬೆನ್ನು ನೋಡಿದರು. ಹನ್ನೆರಡಕ್ಕೆ ಒಂದು ನಿಮಿಷ ಹೆಚ್ಚಾದರೂ ತಾವು ಹೇಳಿದ ಹಾಗೆ ನಡೆಯಬೇಕು ಎಂದರು. ಆಗ ಒಂಬತ್ತು ಗಂಟೆ.

ಅಂಕೋಲಾ ಬಸ್ಸು ಸಿಕ್ಕಿತು. ದಾರಿಯುದ್ದಕ್ಕೂ ನಾನು ಅಜ್ಜನಿಗೆ ಆಡಬೇಕಾದ ಮಾತುಗಳನ್ನು ಮಸೆಯುತ್ತಿದ್ದೆ. ನಿಮ್ಮಿಂದ ಒಂದು ಜೀವ ಹೋಗುತ್ತಿದೆ ಎಂದು ಶುರುಮಾಡುವುದು, ಪೊಲೀಸರ ತನಕ ಹೋಗುವುದು ಎಂದೆಲ್ಲ ಲೆಕ್ಕ ಹಾಕಿಕೊಂಡಿದ್ದೆ.

ಹಮ್ಮಣ್ಣಜ್ಜ ಅವರ್ಸಾದಿಂದ ಒಳಗೆ, ಗದ್ದೆಯ ಅಂಚಿನ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಮದ್ದಿಗೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ತೆಂಗಿನಕಾಯಿ ಕೊಟ್ಟರೆ ದೇವರ ಮುಂದೆ ಇಡು ಎನ್ನುತ್ತಿದ್ದರು. ನಾನು ಮಸೆದುಕೊಂಡು ಹೋದ ಮಾತು ತೆಗೆಯುವ ಮೊದಲೇ, ಮಾದೇವಿಗೆ ಜಾಸ್ತಿಯಾಗಿದೆ ಎಂದದ್ದಷ್ಟೇ, ಅವರು ಎದ್ದು ಕೂತರು.

"ಜ್ವರ ಅದೆಯಾ?"

ಇದೆ ಎಂದೆ.

"ಕಣ್ಣು ಬರೀ ಹಳದಿಯಾ, ಕೆಂಪೂ ಅದೆಯಾ? ಮೀನಖಂಡ ನೋಯ್ತದಂತಾ?"

ನಾನು ಬೆಪ್ಪಾಗಿ ನಿಂತೆ. ಬೆಳಿಗ್ಗೆ ನಮ್ಮ ಡಾಕ್ಟರರು ನೋಡಿದ ಗುರುತುಗಳು ಇವೇ, ಬಹುತೇಕ ಇದೇ ಸಾಲಿನಲ್ಲಿ. ಎಲ್ಲವೂ ಇದೆ ಎಂದೆ. ಅಜ್ಜ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು.

"ಇದು ನನ್ನ ಕಾಮಾಲೆ ಅಲ್ಲ ಬಾಯಿ. ಇದು ಜ್ವರದ ಕಾಮಾಲೆ, ಇದ್ಕೆ ನನ್ನ ಮದ್ದು ಆಗುದಿಲ್ಲ. ಕಣ್ಣು ನೋಡದೇ ಮದ್ದು ಕೊಡುಕಾಗ ಅಂತ ನನ್ನಪ್ಪ ಆಣೆ ಹಾಕ್ಸಿದ್ದ. ಅವತ್ತು ಮಳೆ ಜೋರಿತ್ತು, ಗಂಡ ಒಬ್ನೇ ಬಂದಿದ್ದ. ಕಣ್ಣು ಹಳದಿ ಅಂದ, ನಾ ಕೊಟ್ಟೆ. ತಪ್ಪು ನಂದು."

ನಾನು ಕೇಳದೇ ಸೂಜಿ ಚುಚ್ಚಿದ್ದೆ, ಅವರು ನೋಡದೇ ಮದ್ದು ಕೊಟ್ಟಿದ್ದರು. ಬೈಯಲು ಮಸೆದ ಮಾತುಗಳನ್ನು ಅಲ್ಲೇ ಬಿಟ್ಟೆ. ನಿಮ್ಮ ಪಥ್ಯ ನೀವೇ ಬಿಡಿಸಬೇಕು, ಕಾರವಾರಕ್ಕೆ ಬನ್ನಿ ಅಜ್ಜ ಎಂದೆ. ಅವರು ಅಂಗಿ ತೊಟ್ಟು ಕೊಡೆ ಹಿಡಿದು ನನಗಿಂತ ಮೊದಲೇ ಅಂಗಳ ಇಳಿದರು.

ಬಸ್ಸಿನಲ್ಲಿ ಅವರು ಕೊಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಿಮ್ಮ ಡಾಕ್ಟರರು ನನಗೆ ಹೊಡೆಯುತ್ತಾರೆಯೇ ಎಂದು ಒಮ್ಮೆ ಕೇಳಿದರು. ಹೊಡೆಯುವುದಿಲ್ಲ, ಬೈಯಬಹುದು ಎಂದೆ. ಬೈಗಳು ನನಗೆ ಬರಬೇಕಾದದ್ದೇ ಎಂದು ಕಿಟಕಿಯ ಕಡೆ ತಿರುಗಿದರು. ಬಿಣಗಾ ಘಾಟಿನಲ್ಲಿ ಲಾರಿ ಕೆಟ್ಟು ನಿಂತು ಬಸ್ಸು ತಡವಾಯಿತು. ನನ್ನ ಕೈಗಡಿಯಾರ ನೋಡಿ ನೋಡಿ ಕಣ್ಣು ಸೋತವು.

ನಾವು ವಾರ್ಡಿನೊಳಗೆ ಕಾಲಿಟ್ಟಾಗ ಹನ್ನೆರಡಕ್ಕೆ ಐದು ನಿಮಿಷವಿತ್ತು. ಡಾಕ್ಟರರು ಮಾದೇವಿಯ ಮಂಚದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಜ್ಜ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದು, ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆ ಎಳೆದು ನೋಡಿದರು. ಡಾಕ್ಟರರು ನೋಡುವುದೂ ಹಾಗೆಯೇ. ಆಮೇಲೆ ಅಜ್ಜ ಉಪ್ಪು ಕೇಳಿದರು. ಪಥ್ಯ ಬಿಡಿಸುವುದೆಂದರೆ ಮದ್ದು ಕೊಟ್ಟ ಕೈಯಿಂದಲೇ ನಾಲಿಗೆಗೆ ಉಪ್ಪು ಇಡುವುದು. ಕ್ಯಾಂಟೀನಿಗೆ ಓಡಲು ನಾನು ಹೊರಟೆ. ಅಜ್ಜ ನನ್ನನ್ನು ತಡೆದು, ಆ ಬಾಟಲಿಯಲ್ಲಿರುವುದು ಉಪ್ಪೇ ಹೌದಾದರೆ ಅದೇ ಸಾಕು ಎಂದರು.

ಎಲ್ಲರೂ ಡಾಕ್ಟರರನ್ನು ನೋಡಿದರು. ಅವರು ಎದ್ದರು. ಹೊಸ ಬಾಟಲಿ ತೆಗೆದು, ಹೊಸ ಸಿರಿಂಜಿನಲ್ಲಿ ನೀರೆಳೆದು, ಚಮಚಕ್ಕೆ ಹಾಕಿ ಅಜ್ಜನ ಕೈಗೆ ಕೊಟ್ಟರು. ಅಜ್ಜ ಮೊದಲು ಒಂದು ಹನಿ ತಮ್ಮ ಅಂಗೈಗೆ ಹಾಕಿಕೊಂಡು ನೆಕ್ಕಿದರು. ಹೌದು, ಉಪ್ಪೇ ಎಂದು ತಲೆಯಾಡಿಸಿದರು. ಉಳಿದದ್ದನ್ನು ಮಾದೇವಿಯ ತುಟಿಗೆ ಹಿಡಿದರು.

"ಮಾದೇವಿ, ನಾ ಕಟ್ಟಿದ ಪಥ್ಯ ನಾನೇ ಬಿಡ್ಸಿದೆ. ನಾ ನೋಡದೇ ಕೊಟ್ಟಿದ್ದೆ, ತಪ್ಪಾಯ್ತು. ಇನ್ನು ಇವ್ರು ಕೊಟ್ಟದ್ದೇ ನಿಂಗೆ ಮದ್ದು."

ಅವಳು ಬಾಯಿ ತೆರೆದಳು. ನುಂಗಿದಳು. ಆಮೇಲೆ ಹೊಟ್ಟೆಯಡಿಯಿಂದ ಕೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದಳು. ನಾನು ನರ ಹುಡುಕಿ ಸೂಜಿ ಚುಚ್ಚಿದೆ, ಹನಿ ಬಿಟ್ಟೆ, ಪೆನಿಸಿಲಿನ್ ಶುರುಮಾಡಿದೆ.

ಮರುದಿನ ಬೆಳಿಗ್ಗೆಯ ತನಕ ನಮಗೆ ಸಮಾಧಾನವಿರಲಿಲ್ಲ. ಮೂತ್ರ ಬಂದರೆ ಗೆದ್ದೆವು, ಬರದಿದ್ದರೆ ಮಣಿಪಾಲ. ಬೆಳಿಗ್ಗೆ ಏಳಕ್ಕೆ ನಾನು ಅಳೆಯುವ ಜಾಡಿ ಎತ್ತಿ ಹಿಡಿದು ನೋಡಿದಾಗ ಅದು ಅರ್ಧಕ್ಕಿಂತ ಮೇಲೆ ಬಂದಿತ್ತು. ನಾನು ಜಾಡಿ ಹಿಡಿದುಕೊಂಡೇ ಡಾಕ್ಟರರ ಕೋಣೆಗೆ ಓಡಿದೆ. ಅವರು ತಿಂಡಿ ತಿನ್ನುತ್ತಿದ್ದರು. ತಿಂಡಿಯ ಎದುರು ಮೂತ್ರದ ಜಾಡಿ ಹಿಡಿದು ನಿಂತ ನನ್ನನ್ನು ನೋಡಿ ಬೈಯುವ ಬದಲು ಎದ್ದು ನಿಂತು ನಕ್ಕುಬಿಟ್ಟರು. ಯಾವ ಸನ್ಮಾನದಲ್ಲೂ ನನಗೆ ಅಷ್ಟು ಸಂತೋಷವಾಗಿಲ್ಲ. ಐದನೇ ದಿನ ಮಾದೇವಿ ಎದ್ದು ಕೂತು ಉಪ್ಪು ಹಾಕಿದ ಗಂಜಿ ಉಂಡಳು. ಹತ್ತನೇ ದಿನ ಮನೆಗೆ ನಡೆದುಕೊಂಡು ಹೋದಳು.

ಅವಳನ್ನು ನೋಡಲು ಅಜ್ಜ ಎರಡು ಸಲ ಬಂದಿದ್ದರು. ಎರಡನೇ ಸಲ ಡಾಕ್ಟರರು ಅವರನ್ನು ಒಳಗೆ ಕರೆದು ಕೂರಿಸಿದರು. ನಿಮ್ಮ ಮದ್ದಿನಲ್ಲಿ ಏನಿದೆ ಎಂದು ಕೇಳಿದರು. ಹೆಸರು ಹೇಳುವಂತಿಲ್ಲ, ಅಪ್ಪನಿಗೆ ಮಾತು ಕೊಟ್ಟಿದ್ದೇನೆ ಎಂದು ಅಜ್ಜ ಕೈಮುಗಿದರು. ಡಾಕ್ಟರರ ಮುಖ ಕೆಂಪಾಯಿತು. ಏನಿದೆ ಎಂದು ಹೇಳದ ಮದ್ದನ್ನು ರೋಗಿಗೆ ಕೊಡುವುದು ಸರಿಯೇ ಎಂದರು. ಅದು ನ್ಯಾಯವಾದ ಪ್ರಶ್ನೆ. ಅಜ್ಜ ತಲೆಯಾಡಿಸಿ, ಜ್ವರವಿಲ್ಲದ ಬರೀ ಕಾಮಾಲೆಗೆ ನಿಮ್ಮಲ್ಲಿ ಯಾವ ಮದ್ದಿದೆ ಎಂದು ಕೇಳಿದರು. ಡಾಕ್ಟರರು ಪೆನ್ನು ಕೆಳಗಿಟ್ಟರು. "ಮದ್ದಿಲ್ಲ. ವಿಶ್ರಾಂತಿ, ಒಳ್ಳೆ ಊಟ, ಅಷ್ಟೆ. ಹೆಚ್ಚಿನವರಿಗೆ ಅದು ತಾನಾಗಿಯೇ ಇಳಿಯುತ್ತದೆ" ಎಂದರು. ಅದೂ ನ್ಯಾಯವಾದ ಪ್ರಶ್ನೆಯೇ ಆಗಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವವರೂ, ಅಂಗಡಿಯ ಗುಳಿಗೆಯೆಲ್ಲ ವಿಷ ಎನ್ನುವವರೂ ಆ ಕೋಣೆಯಲ್ಲಿ ಇರಬೇಕಿತ್ತು ಎಂದು ನನಗೆ ಅನ್ನಿಸಿತು.

ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಅಜ್ಜ ಕಣ್ಣು ನೋಡದೆ ಯಾರಿಗೂ ಕೊಡುವುದಿಲ್ಲ. ಜ್ವರ ಇದ್ದವರನ್ನು, ಬಸುರಿಯರನ್ನು, ಕುಡುಕರನ್ನು, ಹೊಟ್ಟೆ ಊದಿಕೊಂಡವರನ್ನು ಅಂದೇ ನಮ್ಮಲ್ಲಿಗೆ ಕಳಿಸಬೇಕು. ಇಂಥವರಿಗೆ ಒಂದು ಹೊತ್ತೂ ಪಥ್ಯ ಕಟ್ಟಬಾರದು. ಅಜ್ಜನಿಗೆ ಓದುಬರಹ ಇಲ್ಲದ್ದರಿಂದ ಚೀಟಿಯ ಮಾತಿಲ್ಲ, ಬಂದವರು ‘ಇದು ನಂದಲ್ಲ ಅಂದ್ರು’ ಎಂದು ಹೇಳಿದರೆ ಸಾಕು. ಡಾಕ್ಟರರು ಗಾವಟಿ ಮದ್ದನ್ನು ಕೊನೆಯ ತನಕ ಒಪ್ಪಲಿಲ್ಲ. ಆದರೆ ಕೇಸ್ ಪೇಪರಿನ ಆ ಹಳೆಯ ಸಾಲನ್ನು ತೆಗೆಸಿ, ನನ್ನ ನಾಲ್ಕು ಪ್ರಶ್ನೆಗಳನ್ನು ಅಚ್ಚು ಹಾಕಿಸಿದರು. ಅದನ್ನು ನನಗೆ ಹೇಳಲಿಲ್ಲ. ಹೊಸ ಕಾಗದದ ಕಟ್ಟು ಬಿಚ್ಚಿದಾಗಲೇ ನಾನು ನೋಡಿದ್ದು.

ಮುಂದಿನ ಮಳೆಗಾಲದಲ್ಲಿ ‘ನಂದಲ್ಲ’ದವರು ಒಬ್ಬೊಬ್ಬರಾಗಿ ಬರತೊಡಗಿದರು. ಜ್ವರ ಬಂದ ಒಂದೆರಡು ದಿನದಲ್ಲೇ, ತಮ್ಮ ಕಾಲ ಮೇಲೆ ತಾವು ನಡೆದುಕೊಂಡು. ಆ ವರ್ಷ ನಮ್ಮ ವಾರ್ಡಿನಿಂದ ಆ ಜ್ವರದವರು ಯಾರೂ ಮಣಿಪಾಲಕ್ಕೆ ಹೋಗಬೇಕಾಗಲಿಲ್ಲ. ಎಲ್ಲರೂ ಮನೆಗೇ ಹೋದರು.

ಅಂಥ ಒಂದು ಬೆಳಿಗ್ಗೆ ಮಾದೇವಿ ಬಂದಳು. ಮೈ ತುಂಬಿಕೊಂಡಿದ್ದಳು, ನನಗೆ ಗುರುತೇ ಹತ್ತಲಿಲ್ಲ. ಅವಳ ಜೊತೆ ನೆಟ್ಟಿ ಮಾಡುವ ಪಕ್ಕದ ಮನೆಯ ಹೆಂಗಸಿಗೆ ಹಿಂದಿನ ದಿನದಿಂದ ಜ್ವರ, ಕಣ್ಣು ಕೆಂಪು. ತೋಳು ಹಿಡಿದು ಅವಳನ್ನು ಕರೆತಂದು ಮಂಚದ ಮೇಲೆ ಕೂರಿಸಿದಳು. ನಾನು ಸೂಜಿ ತಂದಾಗ ಆ ಹೆಂಗಸು ಹೆದರಿ ಹಿಂದೆ ಸರಿದು, ಬಾಟಲಿಯನ್ನು ನೋಡಿ ಮಾದೇವಿಯ ಕಿವಿಯಲ್ಲಿ ಏನೋ ಅಂದಳು. ಮಾದೇವಿ ಅವಳ ಬೆನ್ನಿಗೆ ಕೈಯಿಟ್ಟು ನನ್ನ ಕಡೆ ತಿರುಗಿಸಿದಳು.

"ನನ್ನ ಯಾಕೆ ಕೇಳ್ತೆ? ಈ ಬಾಯಿಗೇ ಕೇಳು. ಇವ್ರು ಸುಳ್ಳು ಹೇಳುದಿಲ್ಲ."

ಬಾಟಲಿಯಲ್ಲಿ ಏನಿದೆ ಎಂದು ಆ ಹೆಂಗಸು ಕೇಳಿದಳು. ನಾನು ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ.